ಲರ್ಲೀನಜ್ಜಿಯ ಅನಧಿಕೃತ ಜ್ಞಾನ

ಕ್ರ್ಯಾಂಡಲ್ ಕೌಂಟಿಯ ಸಾರ್ವಜನಿಕ ಕಾಲೇಜಿನ ಬಾಗಿಲು ಸರ್ವರಿಗೂ ತೆರೆದಿದೆ. ಇದನ್ನು ನಿಯಮಾವಳಿಯ ಮೊದಲನೇ ಪುಟದಲ್ಲೇ ಅಚ್ಚು ಹಾಕಿಸಿದ್ದಾರೆ. ಸರ್ವರು ಎಂದರೆ ಯಾರು, ಆ ಸರ್ವರಲ್ಲಿ ತಾನೂ ಒಬ್ಬನೆಂದು ರುಜುವಾತು ಮಾಡುವುದು ಹೇಗೆ ಎಂಬುದು ಮಿಕ್ಕ ಇನ್ನೂರ ಹನ್ನೊಂದು ಪುಟಗಳಲ್ಲಿದೆ.

ಆ ಕಾಲೇಜಿನ ಕ್ಯಾಂಟೀನಿನಲ್ಲಿ ಲರ್ಲೀನ್ ಹ್ಯಾಚರ್ ಅನ್ನೋ ಅಜ್ಜಿ ಇಪ್ಪತ್ತೊಂಬತ್ತು ವರ್ಷದಿಂದ ಕಾಳಿನ ಸಾರು ಕಾಯಿಸಿ, ಮೆಕ್ಕೆಜೋಳದ ಬ್ರೆಡ್ಡು ಬೇಯಿಸಿ, ದಿನಕ್ಕೆ ಮುನ್ನೂರು ಜನಕ್ಕೆ ಬಡಿಸುತ್ತಿದ್ದಳು. ಕೆಂಟಕಿಯ ಆ ಬೆಟ್ಟಗಳಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಊರಲ್ಲಿ ಬಿಸಿಯಾಗಿ ಉಳಿದದ್ದು ಎರಡೇ: ಒಂದು ಚುನಾವಣೆ, ಇನ್ನೊಂದು ಅವಳ ಪಾತ್ರೆ. ಗಂಡ ಹೋಗಿದ್ದ, ಎಡ ಮಂಡಿಯೂ ಹೋಗಿತ್ತು. ಈ ಪಾತ್ರೆಯೊಂದನ್ನು ಯಾರೂ ಕಿತ್ತುಕೊಳ್ಳದಿದ್ದರೆ ಸಾಕಪ್ಪಾ ಅಂದುಕೊಂಡಿದ್ದಳು.

ಆಗಸ್ಟಿನಲ್ಲಿ ಸೂಚನಾ ಫಲಕದ ಮೇಲೆ ಒಂದು ಪ್ರಕಟಣೆ ಬಂತು.

"ಸೆಪ್ಟೆಂಬರ್ ಒಂದರಿಂದ, ಸುರಕ್ಷಿತ ಆಹಾರ ಸರ್ಟಿಫಿಕೇಟು ಹೊಂದಿರದ ಯಾವ ವ್ಯಕ್ತಿಯೂ ಕ್ಯಾಂಟೀನಿನ ಯಾವ ಪಾತ್ರೆಗೂ ಕೈ ಹಾಕತಕ್ಕದ್ದಲ್ಲ. ಸದರಿ ಸರ್ಟಿಫಿಕೇಟನ್ನು ಸದರಿ ಕಾಲೇಜೇ ನೀಡುತ್ತದೆ."

ಕೋರ್ಸು ಆರು ವಾರದ್ದು. ಪಾಠ ನಡೆಯುವ ಕೋಣೆ ಅಡುಗೆಮನೆಯ ಎದುರಿಗೇ ಇತ್ತು. ಪ್ರಾಯೋಗಿಕ ತರಗತಿಯಂತೂ ಅವಳ ಅಡುಗೆಮನೆಯಲ್ಲೇ. ಪಾಠ ಹೇಳುವ ರಿಗ್ಸ್‌ಬಿ ಮೇಷ್ಟ್ರು ಮನೆಯಲ್ಲಿ ಅಂಗಡಿಯಿಂದ ತಂದ ಡಬ್ಬಿ ಸಾರು ಕುಡಿಯುವ ಮನುಷ್ಯ. ಹುಡುಗರನ್ನು ಕರಕೊಂಡು ಬಂದು, "ಅಜ್ಜಿ ಏನೇನು ಮಾಡ್ತಾರೋ ನೋಡಿ ಬರಕೊಳ್ರಪ್ಪ" ಅಂತ ಹೇಳಿ ತಾವು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಒಟ್ಟಿನಲ್ಲಿ ಲರ್ಲೀನಜ್ಜಿಗೆ ಬೇಕಾಗಿದ್ದದ್ದು, ಲರ್ಲೀನಜ್ಜಿಯನ್ನು ನೋಡಿ ಕಲಿತಿದ್ದೇನೆ ಎಂಬ ಸರ್ಟಿಫಿಕೇಟು.

ಏಪ್ರನ್ ಕೂಡ ಬಿಚ್ಚದೆ ಪ್ರವೇಶ ವಿಭಾಗಕ್ಕೆ ಹೋದಳು. ಮೇಜಿನ ಹಿಂದೆ ಟಾನ್ಯಾ ಕೂತಿದ್ದಳು. ಓದುವಾಗ ನಾಲ್ಕು ವರ್ಷ ಇವಳ ಬ್ರೆಡ್ಡನ್ನೇ ತಿಂದು ಬದುಕಿದ ಹುಡುಗಿ.

"ಏನಜ್ಜಿ, ಸೌಟು ಬಿಟ್ಟು ಇತ್ಲಾಗೆ ಬಂದ್ರಿ?"

"ಓದೋಕೆ ಬಂದೆ ಕಣೇ. ನಗಬೇಡ."

"ನಗಲ್ಲ. ಹೈಸ್ಕೂಲ್ ಮುಗಿಸಿದ ಕಾಗದ ಕೊಡಿ."

"ಎಂಟನೇ ಕ್ಲಾಸಿಗೇ ಬಿಟ್ಟೆ. ಅಮ್ಮ ಹಾಸಿಗೆ ಹಿಡಿದಿದ್ಲು, ತಮ್ಮಂದಿರು ಆರು ಜನ ಬಾಯಿ ತಕ್ಕೊಂಡು ಕೂತಿದ್ರು."

"ಅಯ್ಯೋ, ಎಷ್ಟು ಒಳ್ಳೇದಾಯ್ತು!" ಟಾನ್ಯಾಳ ಮುಖ ಅರಳಿತು. "ಈ ಕಾಲೇಜು ಇರೋದೇ ನಿಮ್ಮಂಥವರಿಗೆ. ಓದಿಲ್ಲ ಅನ್ನೋದಕ್ಕೆ ಪುರಾವೆ ಕೊಟ್ಬಿಡಿ, ಮುಗೀತು."

"ನನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನೇ?"

"ನನಗೆ ಗೊತ್ತಾಗತ್ತೆ ಅಜ್ಜಿ. ಫಾರಂಗೆ ಗೊತ್ತಾಗಬೇಕಲ್ಲ."

ಅವಳು ಬಿಟ್ಟ ಶಾಲೆ ಮುಚ್ಚಿ ಯಾವ ಕಾಲವಾಗಿತ್ತೋ. ಆ ಕಟ್ಟಡದಲ್ಲಿ ಈಗ ಅಗ್ಗದ ಸಾಮಾನಿನ ಅಂಗಡಿ. ಅಲ್ಲಿಯ ಮ್ಯಾನೇಜರು ಒಳ್ಳೆಯವನು. ಅಂಗಡಿಯ ಹೆಸರಿದ್ದ ಕಾಗದದ ಮೇಲೆ ಬರೆದುಕೊಟ್ಟ: "ಶ್ರೀಮತಿ ಲರ್ಲೀನ್ ಹ್ಯಾಚರ್ ಅವರು ನಮ್ಮಲ್ಲಿ ಯಾವ ತರಗತಿಯನ್ನೂ ಪಾಸು ಮಾಡಿರುವುದಿಲ್ಲ. ಸದ್ಯ ನಮ್ಮಲ್ಲಿ ಸೋಪು, ಮೇಣದ ಬತ್ತಿ ಮತ್ತು ನಾಯಿಯ ತಿಂಡಿ ಮಾತ್ರ ದೊರೆಯುತ್ತವೆ." ಕೆಳಗೆ ಸೀಲು ಇತ್ತಾದ್ದರಿಂದ ಕಾಲೇಜು ಒಪ್ಪಿಕೊಂಡಿತು.

ಇನ್ನೊಂದೇ ಬಾಕಿ. ಅದರ ಹೆಸರು ಅಜ್ಞಾನ ದೃಢೀಕರಣ ಪರೀಕ್ಷೆ.

"ಇದರಲ್ಲಿ ಫೇಲಾದ್ರೆ ಪಾಸು" ಅಂತ ಟಾನ್ಯಾ ಧೈರ್ಯ ಹೇಳಿದಳು.

"ಹೆದರಬೇಡ. ಹುಟ್ಟಿದಾಗಿಂದ ಇದೊಂದಕ್ಕೇ ತಯಾರಿ ನಡೆಸಿದೀನಿ" ಅಂದಳು ಲರ್ಲೀನಜ್ಜಿ.

ಚರಿತ್ರೆಯಲ್ಲಿ ಸೊನ್ನೆ ತೆಗೆದಳು. ವಿಜ್ಞಾನದಲ್ಲಿ ಸೊನ್ನೆ. ಎಲ್ಲ ಚೆನ್ನಾಗೇ ನಡೆದಿತ್ತು, ಭಿನ್ನರಾಶಿಯಲ್ಲಿ ಕೈ ತಪ್ಪಿತು. ಎಂಟು ಜನಕ್ಕೆ ಮುಕ್ಕಾಲು ಬಟ್ಟಲು ಮಜ್ಜಿಗೆಯಾದರೆ ಮುನ್ನೂರು ಜನಕ್ಕೆಷ್ಟು ಅಂತ ಪ್ರಶ್ನೆ. ಅವಳು ಯೋಚನೆ ಕೂಡ ಮಾಡದೆ, ಇಪ್ಪತ್ತೆಂಟು ಬಟ್ಟಲು, ಮೇಲೊಂದು ಅರೆಕಾಲು, ಮಳೆಯ ದಿನವಾದರೆ ಒಂದು ಬಟ್ಟಲು ಕಮ್ಮಿ ಅಂತ ಬರೆದುಬಿಟ್ಟಳು. ಭಿನ್ನರಾಶಿಯ ಲೆಕ್ಕ ಹನ್ನೆರಡಕ್ಕೆ ಹನ್ನೆರಡೂ ಸರಿ.

ಮಾರನೆಯ ದಿನವೇ ಅನಧಿಕೃತ ಜ್ಞಾನ ಪರಿಶೀಲನಾ ಸಮಿತಿ ಸೇರಿತು. ಕಾಲೇಜಿನ ಅಧ್ಯಕ್ಷರಾದ ಸ್ಟೈಲ್ಸ್ ಸಾಹೇಬರೇ ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

"ಲರ್ಲೀನ್, ಭಿನ್ನರಾಶಿ ಎಲ್ಲಿ ಕಲಿತಿರಿ?"

"ಕಲೀಲಿಲ್ಲ ಸಾರ್. ಬ್ರೆಡ್ಡು ಮಾಡ್ತಾ ಮಾಡ್ತಾ ಕೈಗೆ ಅಂಟಿಕೊಂಡಿರಬೇಕು. ತೊಳಕೊಂಡೆ, ಹೋಗಲಿಲ್ಲ."

"ಯಾರ ಅನುಮತಿ ಪಡೆದು?"

"ಕೇಳೋಕೆ ಹೊತ್ತೆಲ್ಲಿತ್ತು ಸಾರ್? ಹನ್ನೆರಡು ಹೊಡೆಯೋ ಮುಂಚೆ ನೀವೇ ತಟ್ಟೆ ಹಿಡಕೊಂಡು ನಿಂತಿರ್ತಿದ್ರಿ."

ಸ್ಟೈಲ್ಸ್ ಸಾಹೇಬರು ಕೆಮ್ಮಿದರು. ಸಮಿತಿ ಹೀಗೆ ತೀರ್ಮಾನಿಸಿತು: ಅರ್ಜಿದಾರಳು ಓದಿದವಳಲ್ಲ, ಓದದವಳೂ ಅಲ್ಲ, ಇಂಥವರಿಗೆ ಫಾರಂನಲ್ಲಿ ಕಾಲಂ ಇಲ್ಲ, ಆದ್ದರಿಂದ ಆಕೆಯ ಅರ್ಜಿಯನ್ನು, ಕಾಲೇಜಿನ ಬಾಗಿಲಿನಂತೆಯೇ, ತೆರೆದು ಇಡಲಾಗುವುದು.

ಅದೇ ವಾರ ಹೆದ್ದಾರಿಯ ಪಕ್ಕದಲ್ಲಿ ಕಾಲೇಜಿನದೊಂದು ದೊಡ್ಡ ಬೋರ್ಡು ಎದ್ದಿತು. ಅದರ ಮೇಲೆ ಸೌಟು ಹಿಡಿದು ನಗುವ ಲರ್ಲೀನಜ್ಜಿ, ಪಕ್ಕದಲ್ಲಿ "ಇವರು ಬಂದರು. ನೀವೂ ಬನ್ನಿ." ಅವಳು ಹಳೇ ಗಾಡಿ ನಿಲ್ಲಿಸಿ ಬಹಳ ಹೊತ್ತು ನೋಡಿದಳು.

"ಆ ಬೋರ್ಡಿನ ಹೆಂಗಸಿಗೆ ಸೀಟು ಸಿಕ್ಕಿರೋ ಹಾಗಿದೆ ಕಣೇ" ಅಂತ ಟಾನ್ಯಾಗೆ ಹೇಳಿದಳು. "ನೋಡಿ ನನಗೇ ಹೊಟ್ಟೆಕಿಚ್ಚಾಯ್ತು."

ಸೆಪ್ಟೆಂಬರ್ ಒಂದು ಬಂತು. ಲರ್ಲೀನಜ್ಜಿ ಅಡುಗೆಮನೆಯ ಹೊಸಿಲಿನಾಚೆ ಒಂದು ಕುರ್ಚಿ ಹಾಕಿಕೊಂಡು, ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು. ಸರ್ಟಿಫಿಕೇಟು ಇದ್ದವರು ರಿಗ್ಸ್‌ಬಿ ಮೇಷ್ಟ್ರೊಬ್ಬರೇ. ಅವರೇ ಪಾತ್ರೆಗೆ ಕೈ ಹಾಕಿದರು. ಕಾಳು ತಳದಲ್ಲಿ ಸೀದಿತ್ತು, ಮೇಲೆ ಬೆಂದಿರಲಿಲ್ಲ, ನಡುವೆ ಏನಿತ್ತೋ ಕಡೇವರೆಗೂ ಪತ್ತೆಯಾಗಲಿಲ್ಲ. ಕೋರ್ಸಿನ ಹನ್ನೊಂದು ವಿದ್ಯಾರ್ಥಿಗಳಿಗೆ ನೋಡಿ ಬರೆದುಕೊಳ್ಳಲು ಏನೂ ಇರಲಿಲ್ಲ. ಸ್ಟೈಲ್ಸ್ ಸಾಹೇಬರು ಎರಡು ಚಮಚ ತಿಂದು ತುರ್ತು ಸಭೆ ಕರೆದರು.

ದಾರಿ ತೋರಿಸಿದ್ದು ಟಾನ್ಯಾ. ನಿಯಮಾವಳಿಯ ನೂರ ಅರವತ್ಮೂರನೇ ಪುಟ ತೆರೆದು ಓದಿದಳು: "ಯಾವುದನ್ನು ನೋಡಿ ವಿದ್ಯಾರ್ಥಿಗಳು ಕಲಿಯುತ್ತಾರೋ ಅದು ಬೋಧನಾ ಉಪಕರಣ."

"ಸಾರ್, ಪಾತ್ರೆಯೊಳಗೆ ಸೌಟು ಹೋಗತ್ತಲ್ಲ, ಅದಕ್ಕೆ ಸರ್ಟಿಫಿಕೇಟು ಕೇಳ್ತೀವಾ?"

"ಇಲ್ಲ. ಅದು ವ್ಯಕ್ತಿ ಅಲ್ಲ."

"ಅಜ್ಜೀನೂ ಹಂಗೇ ಬರಕೊಂಡ್ರೆ ಆಯ್ತು."

ಇಷ್ಟು ಸುಲಭವಾದದ್ದು ಮೊದಲೇ ಹೊಳೆಯಲಿಲ್ಲವಲ್ಲ ಅಂತ ಎಲ್ಲರಿಗೂ ನಾಚಿಕೆಯಾಯಿತು. ಸಾಹೇಬರು ಲರ್ಲೀನಜ್ಜಿಯನ್ನು ಒಳಗೆ ಕರೆಸಿ ಕೇಳಿದರು:

"ನಿಮ್ಮದೇನಾದರೂ ಆಕ್ಷೇಪಣೆ ಉಂಟೇ ಲರ್ಲೀನ್?"

"ಪಾತ್ರೆ ನನ್ನ ಹತ್ರಾನೇ ಇರತ್ತಾ ಸಾರ್?"

"ಇರತ್ತೆ."

"ಪಾಠ ನಡೆಯೋವಾಗ ಕ್ಲಾಸಲ್ಲಿ ಕೂರಬಹುದಾ?"

ಸಾಹೇಬರು ಪುಟ ತಿರುವಿದರು. "ಕೂರೋ ಹಾಗಿಲ್ಲ. ಇಡಬಹುದು."

"ಹಾಗಾದ್ರೆ ಹೀಟರಿನ ಪಕ್ಕ ಇಡಿ ಸಾರ್. ಈ ಮಂಡಿಗೆ ಥಂಡಿ ಆಗಲ್ಲ."

ದಾಸ್ತಾನು ಪುಸ್ತಕದಲ್ಲಿ ಬರೆದರು: "ಬೋಧನಾ ಉಪಕರಣ, ಸಂಖ್ಯೆ ೪೧೭. ಸೌಟುಸಹಿತ. ಮಾತನಾಡುತ್ತದೆ." ಏಪ್ರನ್ನಿಗೆ ಸ್ಟಿಕ್ಕರ್ ಅಂಟಿಸಿದರು. ಹನ್ನೆರಡು ಗಂಟೆಗೆ ಕಾಳಿನ ಸಾರು ಹಬೆಯಾಡಿತು. ಹನ್ನೊಂದು ಜನವೂ ಪಾಸಾದರು. ದುರ್ಬಲರಿಗೆ ಉನ್ನತ ಶಿಕ್ಷಣ ತಲುಪಿಸಿದ ಬಗ್ಗೆ ವಾರ್ಷಿಕ ವರದಿಯಲ್ಲಿ ಒಂದು ಇಡೀ ಪುಟ ಬಂತು. ಉಪಕರಣಗಳು ಸಭೆಗೆ ಬರಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ತೋಟದ ಮಾಲಿಯೂ ಇಬ್ಬರು ಗಣಿತದ ಮೇಷ್ಟ್ರುಗಳೂ ತಮ್ಮನ್ನೂ ಹಾಗೇ ದಾಖಲು ಮಾಡಿಕೊಳ್ಳಿ ಅಂತ ಅರ್ಜಿ ಹಾಕಿದರು.

ವಸಂತದಲ್ಲಿ ದಾಸ್ತಾನು ತನಿಖೆಗೆ ಮೇಲಿನಿಂದ ಅಧಿಕಾರಿಯೊಬ್ಬರು ಬಂದರು. ಪ್ರೊಜೆಕ್ಟರ್ ಎಣಿಸಿದರು, ಕುರ್ಚಿ ಎಣಿಸಿದರು, ನಾನೂರ ಹದಿನೇಳರ ಮುಂದೆ ನಿಂತರು.

"ಇದನ್ನ ಚಾಲೂ ಮಾಡಿ ತೋರಿಸಿ."

ರಿಗ್ಸ್‌ಬಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೇಳಿದರು: "ಬಡಿಸೋವರೆಗೂ ಸಾರು ಎಷ್ಟು ಬಿಸಿ ಇರಬೇಕು?"

"ನೂರ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಮಗಾ. ಅದಕ್ಕಿಂತ ಇಳಿಯೋಕೆ ಬಿಡಬಾರದು. ಎಷ್ಟು ಸಲ ಹೇಳೋದು ನಿಮಗೆ?"

ಅಧಿಕಾರಿ ತಲೆಯಾಡಿಸಿ ಏನೋ ಬರೆದು ಸಹಿ ಹಾಕಿದರು. ಕನ್ನಡಕ ಮನೆಯಲ್ಲಿ ಬಿಟ್ಟಿದ್ದ ಲರ್ಲೀನಜ್ಜಿ, ಏನು ಬರೆದಿದಾರೆ ಓದೇ ಅಂತ ಪಕ್ಕದಲ್ಲಿದ್ದ ಟಾನ್ಯಾಳನ್ನು ತಿವಿದಳು.

"'ಸುಸ್ಥಿತಿಯಲ್ಲಿದೆ. ಎಡ ಮಂಡಿಗೆ ಎಣ್ಣೆ ಅಗತ್ಯ. ಪಾಸು.'"

"ಆ ಕೊನೇದು ಇನ್ನೊಂದು ಸಲ ಓದು."

"ಪಾಸು ಅಜ್ಜಿ."

ಅವಳು ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡು, ಸಾರಿನ ಹಬೆ ಕಣ್ಣಿಗೆ ಹೋಯಿತು ಅಂದಳು. ಕ್ಯಾಂಟೀನಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸ್ಟೈಲ್ಸ್ ಸಾಹೇಬರು ತಟ್ಟೆ ಕೆಳಗಿಟ್ಟು, ಎದ್ದು ನಿಂತು ತಟ್ಟಿದರು. ಉಪಕರಣಗಳಿಗೆ ಚಪ್ಪಾಳೆ ತಟ್ಟುವುದಕ್ಕೆ ನಿಯಮಾವಳಿಯಲ್ಲಿ ಯಾವ ಅಡ್ಡಿಯೂ ಇಲ್ಲ.