ಬಟ್ಟೆ ಬಿಟ್ಟವರಿಗೆ ರವಿಕೆ ಕಣ

ಮೂರೂ ಬಿಟ್ಟವರು ಊರಿಗೇ ದೊಡ್ಡವರು ಎನ್ನುವ ಗಾದೆ ನಿಮಗೆ ಗೊತ್ತಲ್ಲ? ನಾನು ಅಕ್ಕ ಎಂದು ಕರೆಯುವ ನನ್ನ ಓರಗಿತ್ತಿ ನಾಲ್ಕನೆಯದನ್ನೂ ಬಿಟ್ಟಿದ್ದಾರೆ. ಬಟ್ಟೆ!

ಗಾಬರಿಯಾಗಬೇಡಿ. ದಿನವೂ ಅಲ್ಲ, ಎಲ್ಲೆಂದರಲ್ಲಿಯೂ ಅಲ್ಲ. ಅವರಿರುವುದು ಮಿಶಿಗನ್ನಿನ ಲಿವೋನಿಯಾದಲ್ಲಿ. ಅಲ್ಲಿಂದ ಒಂದು ಗಂಟೆ ಡ್ರೈವ್ ಮಾಡಿದರೆ ಮರಗಳ ನಡುವೆ ಒಂದು ಕೆರೆ, ಕೆರೆಯ ಪಕ್ಕ ಒಂದು ಕ್ಲಬ್ಬು. ಬೇಸಿಗೆಯಲ್ಲಿ ತಿಂಗಳಿಗೊಂದು ಶನಿವಾರ ಅಲ್ಲಿ ಹೆಂಗಸರಿಗೆ ಮಾತ್ರ ಪ್ರವೇಶ. ಹೋದವರು ಬಟ್ಟೆಯನ್ನೆಲ್ಲ ಲಾಕರಿನಲ್ಲಿಟ್ಟು, ಹುಟ್ಟಿದಾಗ ಹೇಗಿದ್ದರೋ ಹಾಗೆ ಈಜುತ್ತಾರೆ, ಇಸ್ಪೀಟು ಆಡುತ್ತಾರೆ, ಊಟ ಮಾಡುತ್ತಾರೆ. ಐವತ್ತೆಂಟು ವರ್ಷದ, ನೂರಾ ತೊಂಬತ್ತು ಪೌಂಡಿನ, ಎರಡೂ ಮಂಡಿ ಬದಲಾಯಿಸಿಕೊಂಡಿರುವ ಅಕ್ಕ ಅಲ್ಲಿಯ ಖಾಯಂ ಸದಸ್ಯೆ. ಭಾವ ಅವರನ್ನು ಗೇಟಿನ ತನಕ ಬಿಟ್ಟು, ಹೆದ್ದಾರಿಯ ಮುಂದಿನ ಎಕ್ಸಿಟ್‌ನ ಕಾಫಿ ಅಂಗಡಿಯಲ್ಲಿ ಸಂಜೆಯವರೆಗೆ ಪೇಪರ್ ಓದುತ್ತಾರೆ.

ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಡುವುದಿಲ್ಲ, ನಾನು ಮುಚ್ಚಿಡುವುದು ಬೇರೆಯೇ ಇದೆ. ನನ್ನ ಎರಡೂ ತೋಳಿನ ಮೇಲೆ ಬಿಳಿ ಮಚ್ಚೆಗಳಿವೆ. ಅಂಟುವುದಿಲ್ಲ, ನೋಯುವುದಿಲ್ಲ, ಆದರೆ ನಮ್ಮವರ ಬಾಯಿಗೆ ಬಿದ್ದರೆ ಅದು ತೊನ್ನು. ಗಂಡ, ಮಗಳು, ಡಾಕ್ಟರು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಹತ್ತೊಂಬತ್ತು ವರ್ಷದಿಂದ ನಂಬಿಕೊಂಡು, ನಾವಿರುವ ಪ್ಲೇನ್‌ಫೀಲ್ಡಿನಲ್ಲಿ ಮಣಿಕಟ್ಟಿನ ತನಕ ಬಟ್ಟೆಯ ತೋಳು ಇಳಿಬಿಟ್ಟುಕೊಂಡು ಬದುಕಿದ್ದೇನೆ.

ಹೋದ ಜುಲೈನಲ್ಲಿ ನಮ್ಮೂರಿನ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ಪಾರ್ಕಿನಲ್ಲಿ ಕನ್ನಡದವರ ಪಿಕ್ನಿಕ್ ಇತ್ತು. ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಲಿವೋನಿಯಾದಿಂದ ಬಂದಿದ್ದ ಅಕ್ಕ ತೋಳಿಲ್ಲದ ಕುರ್ತಾ ಹಾಕಿಕೊಂಡು, ತೋಳಿನ ಜೋಲು ಮಾಂಸ ಅಲ್ಲಾಡಿಸುತ್ತ ಥ್ರೋಬಾಲ್ ಆಡಿದರು. ಎಲ್ಲರೂ ಅವರ ಸುತ್ತ! ಬೆವರಿನಲ್ಲಿ ತೊಯ್ದಿದ್ದ ನನ್ನನ್ನು ಒಬ್ಬರು ಆಂಟಿ ಪಕ್ಕಕ್ಕೆ ಕರೆದು, "ಜ್ವರಾನೇನಮ್ಮ? ಮಾತ್ರೆ ಕೊಡ್ಲಾ?" ಎಂದರು. ಮಗಳು ಬೇರೆ, "ಅಮ್ಮ, ದೊಡ್ಡಮ್ಮ ಈಸ್ ಸೋ ಕೂಲ್" ಎಂದಳು. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. "ಅಕ್ಕ, ಮನೇಲೂ ಹಾಗೇ ಇರ್ತೀರಾ?"

"ಒಂದ್ಸಲ ಪುಳಿಯೋಗರೆಗೆ ಒಗ್ಗರಣೆ ಹಾಕಕ್ಕೆ ಹೋಗಿದ್ದೆ ಕಣೆ. ಸಾಸಿವೆ ಸಿಡಿದಿದ್ದೇ ಸಿಡಿದಿದ್ದು. ಮನುಷ್ಯರು ಬಟ್ಟೆ ಕಂಡುಹಿಡಿದಿದ್ದು ನಾಚಿಕೆಗಲ್ಲ, ಒಗ್ಗರಣೆಗೆ."

"ಅಷ್ಟು ಜನರ ಎದುರಿಗೆ ಹೆಂಗಕ್ಕ?"

"ಮೊದಲನೇ ದಿನ ಟವೆಲ್ ಬಿಚ್ಚಕ್ಕೆ ಮುಕ್ಕಾಲು ಗಂಟೆ ಕೂತಿದ್ದೆ. ಅಲ್ಲಿ ಒಬ್ಬಳಿಗೆ ಒಂದು ಎದೆ ತೆಗೆದಿದಾರೆ. ಇನ್ನೊಬ್ಬಳ ಬೆನ್ನೆಲ್ಲ ಸುಟ್ಟಿದೆ. ಹತ್ತು ನಿಮಿಷ ಕಣ್ಣು ಅಲ್ಲಿ ಇಲ್ಲಿ ಓಡತ್ತೆ. ಆಮೇಲೆ ಬೋರಾಗತ್ತೆ ಕಣೆ, ಮುಖ ನೋಡ್ಕೊಂಡು ಮಾತಾಡ್ತೀವಿ. ಮನೆಗೆ ಬಂದು ಕನ್ನಡಿ ನೋಡಿದ್ರೆ, ಪಾಪ, ಈ ಮೈ ಇಷ್ಟು ವರ್ಷ ನನ್ನನ್ನ ಹೊತ್ಕೊಂಡು ತಿರುಗಿದೆ, ನಾನು ಬರೀ ಬೈದೆ ಅನ್ನಿಸ್ತು."

ಕೇಳಿದ ನನಗೆ ಸಮಾಧಾನವಾಗುವ ಬದಲು ಕಿಚ್ಚು ಇನ್ನೂ ಜಾಸ್ತಿಯಾಯಿತು.

ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಆ ವರ್ಷದ ಕೊನೆಯ ಶನಿವಾರ ಬಂತು. ಹೆಂಗಸರನ್ನು ಬರಿಗೈಯಲ್ಲಿ ಬೀಳ್ಕೊಡುವುದುಂಟೆ? ಅಕ್ಕ ಅರಿಶಿನ ಕುಂಕುಮದ ಬಟ್ಟಲು, ಎಲೆ ಅಡಿಕೆ, ಹನ್ನೆರಡು ರವಿಕೆ ಕಣ ಹೊತ್ತುಕೊಂಡು ಹೋದರು. ಮೈಮೇಲೆ ನೂಲಿನೆಳೆಯೂ ಇಲ್ಲದ ಹನ್ನೆರಡು ಹೆಂಗಸರನ್ನು ಕೆರೆಯ ದಡದಲ್ಲಿ ಸಾಲಾಗಿ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಕೈಗೆ ರವಿಕೆ ಕಣ ಕೊಟ್ಟು ಬಂದರು! ಒಬ್ಬಳು ಅದನ್ನು ತಲೆಗೆ ಸುತ್ತಿಕೊಂಡಳಂತೆ. ಇನ್ನೊಬ್ಬಳು ಹಾಸಿಕೊಂಡು ಕೂತಳಂತೆ.

"ಬಟ್ಟೆ ಬಿಟ್ಟವರಿಗೆ ಬ್ಲೌಸ್ ಪೀಸ್ ಕೊಟ್ಟವಳು ಇಡೀ ಅಮೆರಿಕಾದಲ್ಲಿ ನೀನೊಬ್ಬಳೇ" ಎಂದರು ಭಾವ.

"ಅದಕ್ಕೆ ಬರಿಗೈಲಿ ಕಳಿಸ್ಲಾ?" ಎಂದರು ಅಕ್ಕ.

ನಗುತ್ತಲೇ ಇದನ್ನೆಲ್ಲ ಫೋನಿನಲ್ಲಿ ಕೇಳಿದ ನನಗೆ ಒಂದು ವಿಷಯ ಚುಚ್ಚಿತು. ಆ ಹನ್ನೆರಡು ಜನರಿಗೂ ಒಂದೊಂದು ಮೀಟರಿನ ಕಣವಂತೆ. ನನಗೆ ಕೊಡುವುದು ಮಾತ್ರ ಯಾವಾಗಲೂ ಒಂದೂವರೆ ಮೀಟರಿನದು! ನನ್ನ ಬಾಣಂತನಕ್ಕೆಂದು ಬಂದು ನಲವತ್ತು ದಿನ ಎಣ್ಣೆ ನೀರು ಹಾಕಿದವರು ಅವರೇ. ಆಗ ನಾನು ಊದಿಕೊಂಡಿದ್ದೆ, ನಿಜ. ಅಂದಿನಿಂದ ಪ್ರತಿ ಹಬ್ಬಕ್ಕೂ ಅದೇ ಒಂದೂವರೆ ಮೀಟರ್. ದಪ್ಪಗಿದ್ದೀಯ ಎಂದು ಹಂಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ?

ದೀಪಾವಳಿಗೆ ಲಿವೋನಿಯಾಕ್ಕೆ ಹೋದೆವು. ನರಕ ಚತುರ್ದಶಿಯ ಬೆಳಿಗ್ಗೆ ಅಕ್ಕ ಎಣ್ಣೆ ಬಟ್ಟಲು ಹಿಡಿದು ಕರೆದರು. "ತಲೆಗೆ ಮಾತ್ರ ಸಾಕು, ತೋಳಿಗೆ ಬೇಡ" ಎಂದೆ. ಅವರು ತಲೆಗಷ್ಟೇ ಒತ್ತಿದರು.

ಮರುದಿನ ಹೊರಡುವಾಗ ಕುಂಕುಮವಿಟ್ಟು ಕಣ ಕೊಟ್ಟರು. ಜಗಳಕ್ಕೆ ಸಿದ್ಧಳಾಗಿಯೇ ಅಲ್ಲೇ ಬಿಡಿಸಿ ನೋಡಿದೆ. ಒಂದೇ ಮೀಟರ್!

"ಏನಕ್ಕ, ಈ ಸಲ ಸಣ್ಣ ಆಗಿದೀನಾ?"

"ದಪ್ಪ ಸಣ್ಣ ಯಾರೇ ನೋಡಿದ್ರು? ಉದ್ದ ತೋಳಿಗೆ ಸಾಲಲ್ಲ ಅಂತ ಜಾಸ್ತಿ ತರ್ತಿದ್ದೆ."

 ಬಾಣಂತನದಲ್ಲಿ ನನ್ನ ತೋಳಿನ ಮೇಲೆ ಅಕ್ಕಿಕಾಳಿನಷ್ಟೇ ಬಿಳುಪು ಇತ್ತು. ಎಣ್ಣೆ ಹಚ್ಚಿದ ಕೈ ಅದನ್ನು ಅಂದೇ ಕಂಡಿತ್ತು. ಹತ್ತೊಂಬತ್ತು ವರ್ಷ ಅವರು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ವರ್ಷ ವರ್ಷವೂ ಅದನ್ನು ಮುಚ್ಚಲು ಬೇಕಾದಷ್ಟು ಬಟ್ಟೆ ಮಾತ್ರ ತಂದುಕೊಟ್ಟಿದ್ದರು.

"ಇದು ಗಿಡ್ಡ ತೋಳಿಗೆ" ಎಂದರು ಅಕ್ಕ, ನನ್ನ ಮುಖ ನೋಡದೆ. "ಬೇಡ ಅಂದ್ರೆ ಹೇಳು. ಒಂದೂವರೆ ಮೀಟರಿನದ್ದೂ ಬೀರುವಲ್ಲಿದೆ."

ಹೊರಗೆ ನನ್ನ ಗಂಡ ಕಾರಿನ ಹಾರ್ನ್ ಒತ್ತುತ್ತಿದ್ದರು. ನಾನು ಬಾಗಿಲಲ್ಲಿ ಹಾಕಿಕೊಂಡ ಚಪ್ಪಲಿಯನ್ನು ಮತ್ತೆ ಬಿಟ್ಟೆ. ಬಟ್ಟೆಯ ಉದ್ದ ತೋಳೆರಡನ್ನೂ ಭುಜದ ತನಕ ಮೇಲಕ್ಕೆ ಮಡಚಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.

"ಅಕ್ಕ, ಎಣ್ಣೆ ಉಳಿದಿದ್ಯಾ?"