ಶೋಕೇಸಿನೊಳಗಿನ ಕಲ್ಲು

ಮನೆ, ಹೊಲ, ಒಡವೆ, ಕೊನೆಗೆ ಮೊಂಡು ಪೊರಕೆಯ ಮೇಲೂ ಮನುಷ್ಯನಿಗೆ ಮಮಕಾರ ಇರಬಹುದು. ನಾನು ಬೇಡವೆನ್ನುವುದಿಲ್ಲ. ಆದರೆ ತನ್ನದೇ ಮೂತ್ರಪಿಂಡದಲ್ಲಿ ಹುಟ್ಟಿ, ತನ್ನನ್ನೇ ನೆಲದ ಮೇಲೆ ಹೊರಳಾಡಿಸಿ, ಕೊನೆಗೊಮ್ಮೆ ಹೊರಬಿದ್ದ ಕಲ್ಲಿನ ಮೇಲೂ ಮಮಕಾರವೆಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ಆಸ್ಪತ್ರೆಯೊಂದರಲ್ಲಿ ಸಂಶೋಧಕ ಡಾಕ್ಟರಾಗಿದ್ದ ನನ್ನ ಕಸುಬೇ ಆ ಕಲ್ಲು. ಅದು ಏಕೆ ಕಟ್ಟುತ್ತದೆ, ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ ಎಂದು ಹುಡುಕುವುದು. ಇದಕ್ಕೆ ಸಿಕ್ಕಿದ ಮರ್ಯಾದೆಯೂ ಅಷ್ಟರಲ್ಲೇ ಇತ್ತು. ಒಂದು ಮದುವೆಮನೆಯಲ್ಲಿ ಪಕ್ಕದ ಎಲೆಯವರು ನಾನು ಕಲ್ಲಿನ ಕೆಲಸದಲ್ಲಿದ್ದೇನೆಂದು ಕೇಳಿ, "ಕ್ವಾರಿ ಎಲ್ಲಿದೆ ಸಾರ್, ಮಾಗಡಿ ಕಡೆನಾ?" ಎಂದು ವಿಚಾರಿಸಿದ್ದರು.

ಆಗ ನಾವು ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ನಾವು ಮಹಡಿಯಲ್ಲಿ, ಮನೆಯ ಯಜಮಾನ ಮಹಾಲಿಂಗಪ್ಪನವರು ಕೆಳಗೆ. ದಾವಣಗೆರೆ ಕಡೆಯಿಂದ ಬಂದು ಕಬ್ಬಿಣದ ಅಂಗಡಿ ಇಟ್ಟು ಗೆದ್ದ ಗಟ್ಟಿ ಆಸಾಮಿ. ಒಂದು ಭಾನುವಾರ ಊಟಕ್ಕೆ ಕೂತವರು ಸೊಂಟ ಹಿಡಿದುಕೊಂಡು ಹೊರಳಾಡತೊಡಗಿದರು. ನಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಕೈಯ ನರಕ್ಕೆ ಒಳದಾರಿ ಎದ್ದುಕಾಣಿಸುವ ಔಷಧ ಕೊಟ್ಟು ಎಕ್ಸ್‌ರೇ ತೆಗೆದಾಗ, ಮೂತ್ರನಾಳದ ದಾರಿ ಬೆಳ್ಳಗೆ ಕಂಡಿತು, ನಡುವೆ ಕಲ್ಲು ಅಡ್ಡ ಕೂತಿತ್ತು. ಸಣ್ಣದು, ತಾನೇ ಬರುತ್ತದೆ ಎಂದೆ. ನೀರು ಕುಡಿಯಿರಿ, ಮೂತ್ರವನ್ನು ಬಟ್ಟೆಯಲ್ಲಿ ಸೋಸಿ, ಬಂದದ್ದನ್ನು ಜೋಪಾನ ಮಾಡಿ ಎಂದು ಹೇಳಿಕೊಟ್ಟವನೂ ನಾನೇ.

ಜೋಪಾನ ಮಾಡಿದರು. ಶೋಕೇಸಿನಲ್ಲಿ! ಮಗಳ ಸಂಗೀತದ ಬಹುಮಾನದ ಕಪ್ಪಿನ ಪಕ್ಕ, ಗಾಜಿನ ಡಬ್ಬಿಯೊಳಗೆ, ಹತ್ತಿಯ ಹಾಸಿಗೆಯ ಮೇಲೆ ತೊಗರಿಕಾಳಿನಷ್ಟು ದೊಡ್ಡ ಕಲ್ಲು, ಮೈತುಂಬ ಮುಳ್ಳು. ನನ್ನ ಕೈ ತುರಿಸಿತು.

"ಪರೀಕ್ಷೆಗೆ ಬೇಕು ಸಾರ್, ಕೊಡಿ," ಎಂದೆ.

"ವಾಪಸ್ ಯಾವಾಗ ಕೊಡ್ತೀರಾ?"

"ಪುಡಿ ಮಾಡ್ಬೇಕಾಗುತ್ತೆ."

ಹೆತ್ತ ಮಗುವನ್ನೇ ಕೊಡಿ ಎಂದಂತೆ ಹೌಹಾರಿದರು. "ನಾನು ಪ್ರಾಣ ಒತ್ತೆ ಇಟ್ಟು ತೆಗೆದಿದೀನಿ ಡಾಕ್ಟ್ರೇ. ನೀವು ಪುಡಿ ಮಾಡ್ತೀರಾ?"

ತೆಗೆದರಂತೆ! ವಿಜ್ಞಾನಕ್ಕೆ ಈ ದೇಶದಲ್ಲಿ ಇಷ್ಟೇ ಬೆಲೆ. ಅಂದಿನಿಂದ ಬಂದ ನೆಂಟರಿಗೆಲ್ಲ ಕಾಫಿಗೆ ಮೊದಲು ಕಲ್ಲಿನ ದರ್ಶನ. "ಮೇಲ್ಗಡೆ ಡಾಕ್ಟ್ರು ಇದರ ಮೇಲೆ ಕಣ್ಣು ಹಾಕಿದಾರೆ," ಎಂದು ಅವರು ಹೇಳುವುದು ನನಗೆ ಮೆಟ್ಟಿಲ ಮೇಲೇ ಕೇಳಿಸುತ್ತಿತ್ತು. ನಾನು ಕಳ್ಳನಾದೆ! ಕೆಳಗಿಳಿದು ಜಗಳವಾಡಲು ಹೊರಟರೆ ನನ್ನ ಹೆಂಡತಿ ತಡೆದಳು. "ಸುಮ್ನಿರಿ. ಕಲ್ಲು ಎಲ್ಲಾದ್ರೂ ಸಿಗುತ್ತೆ, ಇಷ್ಟು ಒಳ್ಳೆ ಮನೆ ಸಿಗಲ್ಲ."

ಒಂದು ಬೆಳಿಗ್ಗೆ ಮಹಾಲಿಂಗಪ್ಪನವರು ಅಂಗಡಿಗೆ ಹೋದ ಮೇಲೆ ಅವರ ಹೆಂಡತಿ ಗಿರಿಜಮ್ಮ ಮಹಡಿಗೆ ಬಂದರು. ಸೆರಗಿನ ಮರೆಯಿಂದ ಆ ಗಾಜಿನ ಡಬ್ಬಿ ತೆಗೆದು ನನ್ನ ಮುಂದಿಟ್ಟರು.

"ನಾಲ್ಕು ಹೆತ್ತಿದೀನಿ ಡಾಕ್ಟ್ರೇ. ಮೂರನೇದಕ್ಕೆ ಎರಡು ದಿನ ನರಳಿದೆ. ಒಬ್ಬರಾದ್ರೂ ಕೂತು ಆ ಕಥೆ ಕೇಳಿದಾರಾ? ತಗೊಂಡ್ಹೋಗಿ, ಅರೆದುಬಿಡಿ."

ಅವರು ಮನಸ್ಸು ಬದಲಾಯಿಸುವ ಮೊದಲೇ ಬಸ್ಸು ಹತ್ತಿದೆ. ಮಧ್ಯಾಹ್ನದೊಳಗೆ ಕಲ್ಲು ಪುಡಿಯಾಗಿತ್ತು.

ಮಹಾಲಿಂಗಪ್ಪನವರಿಗೆ ಗೊತ್ತಾಗಲು ನೆಂಟರೊಬ್ಬರು ಬರಬೇಕಾಯಿತು. "ಡಾಕ್ಟ್ರಿಗೆ ಕೊಟ್ಟೆ," ಎಂದು ಗಿರಿಜಮ್ಮ ನಿರಾಳವಾಗಿ ಹೇಳಿದ್ದು ಮೇಲಕ್ಕೂ ಕೇಳಿಸಿತು. ಹಿಂದೆಯೇ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು. ಇನ್ನು ಮನೆ ಖಾಲಿ ಮಾಡಬೇಕಾಗುತ್ತದೆ ಎಂದುಕೊಂಡು ಎದ್ದು ನಿಂತೆ. ಅವರು ಬಾಗಿಲಲ್ಲಿ ನಿಂತು, ಒಣಗಿದ ದನಿಯಲ್ಲಿ ಕೇಳಿದರು: "ಪರೀಕ್ಷೇಲಿ ಏನು ಬಂತು?"

"ಕ್ಯಾಲ್ಸಿಯಂ ಆಕ್ಸಲೇಟ್ ಸಾರ್. ಬಹಳ ಜನಕ್ಕೆ ಬರೋದೇ ಅದು."

"ಕಾಮನ್ನಾ?"

ಅಷ್ಟು ದೊಡ್ಡ ಆಸಾಮಿಯ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಕಂಡಿರಲಿಲ್ಲ. ಅಷ್ಟು ದಿನ ಕುದಿದ ಸಿಟ್ಟು ಎಲ್ಲಿ ಹೋಯಿತೋ, ನಾಲಿಗೆ ತಾನಾಗಿ ಹೊರಳಿತು. "ಜಾತಿ ಕಾಮನ್ನೇ ಸಾರ್. ಆದ್ರೆ ಅಂಥ ಮುಳ್ಳು? ನನ್ನ ಸರ್ವೀಸಲ್ಲೇ ನೋಡಿಲ್ಲ. ಬೇರೆಯವರಾಗಿದ್ರೆ ತಡ್ಕೋತಿರ್ಲಿಲ್ಲ."

ಅಂಥ ಮುಳ್ಳಿನ ಕಲ್ಲುಗಳನ್ನು ವಾರಕ್ಕೆ ನಾಲ್ಕು ನೋಡುತ್ತಿದ್ದೆ. ಅವರ ಮುಖ ಅರಳಿತು. "ಲೇ ಗಿರಿಜಾ, ಕೇಳಿದ್ಯೇನೇ?" ಎಂದು ಕೂಗುತ್ತಾ ನೆಂಟರ ಬಳಿಗೆ ಓಡಿದರು. ಈಗ ಕಥೆಗೆ ಸಂಶೋಧಕನ ಮೊಹರೂ ಬಿದ್ದಿತ್ತು. ಕಲ್ಲು ಕಣ್ಣೆದುರಿಗಿಲ್ಲದ್ದರಿಂದ ಅದರ ಗಾತ್ರಕ್ಕೂ ಲಂಗುಲಗಾಮಿರಲಿಲ್ಲ.

ಮರುದಿನ ನಲ್ಲಿಯ ಬಳಿ ಗಿರಿಜಮ್ಮ ಸಿಕ್ಕರು. ಬಿಂದಿಗೆ ಎತ್ತಿಕೊಳ್ಳುತ್ತಾ ನನ್ನನ್ನು ಒಮ್ಮೆ ನೋಡಿದರು.

"ನಾನು ಕಲ್ಲು ಕೊಟ್ಟಿದ್ದು ಕಥೆ ಮುಗೀಲಿ ಅಂತ ಡಾಕ್ಟ್ರೇ," ಎಂದರು. "ನೀವು ಎರಡನೇ ಭಾಗ ಬರೆದುಕೊಟ್ರಿ."