ನೀರು ಬಂದರೆ ಕೂಗುವ ಚಿಪ್ಪು

"ಇನ್ನ ಮ್ಯಾಲ ಈ ಮನ್ಯಾಗ ಯಾರೂ ನಳದ ಮುಂದ ಕಾವಲು ಕೂಡೋದಿಲ್ಲ!" ಎಂದು ನತಾನಿಯೇಲ ಮಾಸ್ತರರು ಶನಿವಾರ ಮಧ್ಯಾಹ್ನ ಘೋಷಿಸಿದರು.

ಭಾಲ್ಕಿಯ ಅವರ ಓಣಿಗೆ ನೀರು ಎಂಟು ದಿನಕ್ಕೊಮ್ಮೆ, ಅರ್ಧ ಗಂಟೆ. ಯಾವ ಗಳಿಗೆಯಲ್ಲಿ ಎಂಬುದು ದೇವರಿಗೇ ಗೊತ್ತು! ಇವತ್ತು ಎಂಟನೆಯ ದಿನ. ನಾಳೆ ಮನೆಯಲ್ಲಿ ಪ್ರಾರ್ಥನಾ ಕೂಟ, ನಲವತ್ತು ಜನರ ಊಟ. ಟಾಕಿಯಲ್ಲಿ ಹಲ್ಲಿ ಮುಳುಗುವಷ್ಟೂ ನೀರಿಲ್ಲ.

ಮಾಸ್ತರರ ಬ್ರಹ್ಮಾಸ್ತ್ರ ಎಂದರೆ ಎಂಟು ಕಾಲಿನ ಒಂದು ರಿಸ್ಕ್-ಫೈವ್ ಚಿಪ್ಪು, ಅಂದರೆ ಉಗುರಿನಷ್ಟೇ ದೊಡ್ಡ ಕಂಪ್ಯೂಟರ್. ಬೆಲೆ ಒಂದು ಪ್ಲೇಟ್ ಭಜಿಗಿಂತ ಕಡಿಮೆ! ಅದಕ್ಕೆ ಪ್ರೋಗ್ರಾಮ್ ಬರೆಯುವ ತಂತ್ರಾಂಶವನ್ನಂತೂ ಯಾರೋ ಪುಣ್ಯಾತ್ಮರು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟಿದ್ದಾರೆ. ನಳದ ಕೆಳಗೆ ಎರಡು ತಂತಿ. ನೀರು ತಾಗಿದರೆ ಗಂಟೆ ಕೂಗಬೇಕು. ಅಷ್ಟೇ!

ಚಾಲೂ ಮಾಡಿದರು. "ಕೀಂ...!" ಓಣಿಯೆಲ್ಲ ಕೊಡ ಹಿಡಿದು ಓಡಿಬಂತು. ನಳ ಮಾತ್ರ ಒಣಗಿ ಕೂತಿತ್ತು.

"ನೀರ್ ಎಲ್ಲವ್ರಿ ಮಾಸ್ತರ್?" ಎಂದಳು ಪಕ್ಕದ ಮನೆಯ ಶಾಲುಬಾಯಿ.

ಮಾಸ್ತರರು ತಂತಿಯ ಮೇಲೆ ಒಂದು ಲೋಟ ನೀರು ಸುರಿದರು. ಚಿಪ್ಪು ತೆಪ್ಪಗಾಯಿತು! ನೀರಿದ್ದರೆ ಮೌನ, ಇಲ್ಲದಿದ್ದರೆ ಆಕ್ರಂದನ. ಪ್ರೋಗ್ರಾಮಿನಲ್ಲಿ ಷರತ್ತನ್ನು ಉಲ್ಟಾ ಬರೆದಿದ್ದರು.

"ಇಡೀ ಭಾಲ್ಕಿ ಒದರೋದೂ ಹಿಂಗೇ ಅಲ್ಲೇನ್ರಿ?" ಎಂದಳು ಹೆಂಡತಿ ಹೆಪ್ಸಿಬಾ. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಒಂದ್ ಸಾಲು ತಿದ್ದಿದ್ರ ಮುಗೀತು!" ಎಂದು ಮಾಸ್ತರರು ಚಿಪ್ಪನ್ನು ಒಳಗೆ ತಂದು ಲ್ಯಾಪ್‌ಟಾಪಿಗೆ ಜೋಡಿಸಿದರು. ಕಂಪ್ಯೂಟರ್ ಎಷ್ಟು ಕರೆದರೂ ಚಿಪ್ಪು ಓ ಅನ್ನಲಿಲ್ಲ. ಆಗ ಹೊಳೆಯಿತು! ಪ್ರೋಗ್ರಾಮ್ ಒಳಹೋಗಲು ಇರುವುದು ಒಂದೇ ಕಾಲು. ಮಾಸ್ತರರು ಗಂಟೆ ಕಟ್ಟಿದ್ದೂ ಅದೇ ಕಾಲಿಗೆ! ಚಿಪ್ಪು ಒದರುವುದರಲ್ಲೇ ಮುಳುಗಿತ್ತು. ಕೇಳಲು ಪುರುಸೊತ್ತೆಲ್ಲಿ?

"ಉಪಾಯ ಅದ ಹೆಪ್ಸಿ! ನೀ ಕರೆಂಟ್ ತೆಗೆದು ಹಾಕು. ಅದು ಎದ್ದು ಬಾಯಿ ತೆರೆಯೋದ್ರಾಗ ಕಂಪ್ಯೂಟರ್ ಅದರ ಕಿವಿ ಹಿಡೀತದ. ತೆಗಿ! ಹಾಕು!"

"ಹಾಕಿದೆ."

"ತಡಾ ಆತು! ತೆಗಿ! ಹಾಕು!"

"ಸಾವಿರ ಕೂಸಿಗಿ ಸೂಜಿ ಹಾಕೀನ್ರಿ. ಒಂದೂ ಹಿಂಗ ಕಾಡಿಲ್ಲ!"

ಬಾಗಿಲಲ್ಲಿ ಶಾಲುಬಾಯಿ ಇಣುಕಿದಳು. "ಸಿಸ್ಟರ್, ಅಲ್ಲಿ..."

"ಆಮ್ಯಾಲ ಬಾ!" ಇಬ್ಬರೂ ಒಟ್ಟಿಗೆ ಗದರಿದರು.

ಇಪ್ಪತ್ತಮೂರನೆಯ ಸಲಕ್ಕೆ ಕಿವಿ ಸಿಕ್ಕಿತು! ಸಾಲು ತಿದ್ದಿ, ಗಂಟೆಯನ್ನು ಬೇರೆ ಕಾಲಿಗೆ ಕಟ್ಟಿ, ಮಾಸ್ತರರು ದಂಡಯಾತ್ರೆ ಗೆದ್ದವರಂತೆ ಅಂಗಳಕ್ಕೆ ಬಂದರು. ನಳದ ತುದಿಯಲ್ಲಿ ಕೊನೆಯ ಒಂದು ಹನಿ ನೇತಾಡುತ್ತಿತ್ತು.

"ನೀರ್ ಬಂದು ಹೋದವ್ರಿ" ಎಂದಳು ಶಾಲುಬಾಯಿ. "ಹೇಳ್ಲಿಕ್ಕೇ ಬಂದಿದ್ದೆ, ಬೈದು ಕಳಿಸಿದ್ರಿ. ನಿಮ್ಮ ನಳದ್ದೂ ಸುಮ್ನ ಹರದು ಹೋಗ್ತಾವಂತ ನಾವೇ ತುಂಬ್ಕೊಂಡ್ವಿ. ಬೇಕಂದ್ರ ಒಯ್ಯಿರಿ."

ಹೀಗೆ ಮಾಸ್ತರರು ತಮ್ಮ ಮನೆಯ ನೀರನ್ನು ಪಕ್ಕದ ಮನೆಯಿಂದ ಹೊತ್ತು ತರತೊಡಗಿದರು! ಆದರೂ ಹಟ ಬಿಡದೆ, ತಿದ್ದಿದ ಚಿಪ್ಪನ್ನು ನಳದ ಕೆಳಗೆ ಮತ್ತೆ ಪ್ರತಿಷ್ಠಾಪಿಸಿದ್ದರು. ಏಳನೆಯ ಕೊಡ ತರುವಾಗ ಕಾಲಿಗೆ ಅದರದೇ ತಂತಿ ತೊಡರಿತು. ಮಾಸ್ತರರು ಕೆಳಗೆ, ಕೊಡ ಅವರ ಮೇಲೆ!

"ಕೀಂ...!"

"ಕೇಳ್ದ್ಯಾ ಹೆಪ್ಸಿ?" ರಾಡಿಯಲ್ಲಿ ಕೂತೇ ಮಾಸ್ತರರು ಕುಣಿದಾಡಿದರು. "ನೀರ್ ತಾಗಿದ ಕೂಡ್ಲೇ ಕೂಗ್ತು! ಸರಿಯಾತು!"

"ಕೇಳಿತ್ರಿ" ಎಂದಳು ಹೆಪ್ಸಿಬಾ, ಒಣ ಟವೆಲ್ ಎಸೆಯುತ್ತ. "ನೀರ್ ಬಂದಾವಂತ ಖರೇನೇ ಹೇಳ್ತದ. ಟಾಕ್ಯಾಗ ಬಂದಾವೋ, ನಿಮ್ಮ ತಲಿ ಮ್ಯಾಲ ಬಂದಾವೋ, ಅದೊಂದ್ ಸಾಲು ಬರೀಲಿಕ್ಕ ಮರ್ತೀರಿ!"